ಡಿಕನ್ಸ್‌ಗೆ ಪದಕ್ಕಿಷ್ಟು ಅಂತ ದುಡ್ಡು ಕೊಡ್ತಿದ್ರಾ? 19ನೇ ಶತಮಾನದ ಕಾದಂಬರಿಗಳು ಅಷ್ಟು ದಪ್ಪ ಯಾಕೆ?

ಹೊಸಓದು
ಎಲ್ಲಿ ನೋಡಿದರೂ ಒಂದೇ ಮಾತು: ಚಾರ್ಲ್ಸ್ ಡಿಕನ್ಸ್‌ಗೆ ಪದದ ಲೆಕ್ಕದಲ್ಲಿ ಸಂಭಾವನೆ ಸಿಗುತ್ತಿತ್ತು, ಅದಕ್ಕೇ ಕಾದಂಬರಿಗಳನ್ನು ರಬ್ಬರಿನಂತೆ ಎಳೆದರು ಅಂತ. ದಾಸ್ತೊಯೆವ್ಸ್ಕಿ, ದ್ಯೂಮಾ ಬಗ್ಗೆಯೂ ಹೀಗೇ ಹೇಳುತ್ತಾರೆ. ಇದು ನಿಜವಾದರೆ ನಾವು ಶ್ರದ್ಧೆಯಿಂದ ಓದುತ್ತಿರುವ ಅರ್ಧ ಪುಟಗಳು ಬರೀ ದುಡ್ಡಿಗಾಗಿ ತುಂಬಿಸಿದ ಹೊಟ್ಟು ಅಂತಾಯಿತು. ಯಾರಿಗೆ, ಯಾವ ಅಳತೆಯಲ್ಲಿ, ಎಷ್ಟು ಕೊಡುತ್ತಿದ್ದರು? ಲೆಕ್ಕ ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಕಡಲತಡಿ
ನಿಜವೇ ಇರಬೇಕು ಮಾರಾಯ್ರೆ. ಬ್ಲೀಕ್ ಹೌಸ್ ಶುರುವಾಗುವುದೇ ಮಂಜಿನ ವರ್ಣನೆಯಿಂದ, ಮಂಜು ಕರಗುವುದೇ ಇಲ್ಲ. ದುಡ್ಡಿನ ಲೆಕ್ಕ ಇಲ್ಲದೆ ಅಷ್ಟು ಉದ್ದ ಯಾರು ಬರೀತಾರೆ?

ಫಾರಂಲೆಕ್ಕ
ಇಲ್ಲ, ಇದು ತಪ್ಪು ತಿಳಿವಳಿಕೆ. ಡಿಕನ್ಸ್‌ಗೆ ಪದದ ಲೆಕ್ಕದಲ್ಲಿ ಕಾದಂಬರಿಯ ಹಣ ಸಿಕ್ಕಿದ್ದಿಲ್ಲ. ಕಂತಿಗಿಷ್ಟು ಅಂತ ಸಿಗುತ್ತಿತ್ತು, ಕಂತಿನ ಉದ್ದ ಮೊದಲೇ ಕಟ್ಟಿಟ್ಟದ್ದು.

ಮಾಸಿಕ ಕಂತಿನ ಕಟ್ಟು ಹೀಗಿತ್ತು: 32 ಪುಟ ಕಥೆ, ಅಂದರೆ 16 ಪುಟದ ಎರಡು ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚಿದ ಪುಟಗಳ ಕಟ್ಟಿಗೆ ಫಾರಂ ಅನ್ನುತ್ತಾರೆ). ಎರಡು ಚಿತ್ರ. ಹಸಿರು ಛಾಯೆಯ ತೆಳು ಕಾಗದದ ಹೊದಿಕೆ. ಹಿಂದೆ ಮುಂದೆ ಜಾಹೀರಾತಿನ ಹಾಳೆಗಳು. ಬೆಲೆ 1 ಶಿಲ್ಲಿಂಗ್. ಒಟ್ಟು 20 ಕಂತು, ಆದರೆ 19 ತಿಂಗಳು, ಏಕೆಂದರೆ 19 ಮತ್ತು 20ನೆಯದನ್ನು ಸೇರಿಸಿ 2 ಶಿಲ್ಲಿಂಗಿಗೆ ಜೋಡಿ ಕಂತಾಗಿ ಮಾರುತ್ತಿದ್ದರು. ಆ ಜೋಡಿ ಕಂತಿನಲ್ಲಿ 48 ಪುಟ ಕಥೆ, ಜೊತೆಗೆ ಮುನ್ನುಡಿ, ಶೀರ್ಷಿಕೆ ಪುಟ, ಪರಿವಿಡಿ.

ಈಗ ಕೂಡಿಸಿ ನೋಡಿ. 18 ಕಂತು × 32 = 576. ಅದಕ್ಕೆ 48 ಸೇರಿಸಿದರೆ 624. ಮಾರ್ಟಿನ್ ಚಜಲ್‌ವಿಟ್, ಡಾಂಬಿ ಅಂಡ್ ಸನ್, ಡೇವಿಡ್ ಕಾಪರ್‌ಫೀಲ್ಡ್, ಬ್ಲೀಕ್ ಹೌಸ್ ಈ ನಾಲ್ಕರ ಮೊದಲ ಮುದ್ರಣವೂ 624ನೇ ಪುಟಕ್ಕೇ ಮುಗಿಯುತ್ತದೆ. ಪದಕ್ಕೆ ದುಡ್ಡು ಎಣಿಸಿಕೊಳ್ಳುವ ಮನುಷ್ಯ ನಾಲ್ಕು ಕಾದಂಬರಿಗಳನ್ನು ಒಂದೇ ಪುಟದಲ್ಲಿ ನಿಲ್ಲಿಸುತ್ತಾನೆಯೇ?

ಕಡಲತಡಿ
624 ನಾಲ್ಕು ಸಲವಾ! ಇದು ಗೊತ್ತಿರಲಿಲ್ಲ. ಮಂಜಿನ ಮಾತು ಹಿಂದಕ್ಕೆ ತಗೊಂಡೆ.

ಧಾರವಾಡದಾಂವ
ಅಲ್ರೀ, ಪದಾ ಬಿಟ್ಟು ಫಾರಂ ಲೆಕ್ಕಾ ಹಿಡದ್ರೂ ಅದs ಆತಲ್ಲ? ಡಿಕನ್ಸನ ಮೊದಲ ಕಾದಂಬರಿ ಪಿಕ್‌ವಿಕ್‌ಗೆ ಫಾರಂಗೆ ಇಷ್ಟು ಗಿನಿ ಅಂತ ಮಾತಾಗಿತ್ತು. ಅಂದ್ರ ಉದ್ದಕ್ಕ ರೊಕ್ಕ ಅಂದಂಗs.

ಫಾರಂಲೆಕ್ಕ
@ಧಾರವಾಡದಾಂವ ಒಳ್ಳೆಯ ಪ್ರಶ್ನೆ. ಗಾಳಿಮಾತು ಹುಟ್ಟಿದ್ದೇ ಅಲ್ಲಿಂದ ಅಂತ ನನ್ನ ಊಹೆ. 1836ರಲ್ಲಿ ಪ್ರಕಾಶಕರಾದ ಚಾಪ್‌ಮನ್ ಅಂಡ್ ಹಾಲ್ ಜೊತೆ ಮಾತಾಗಿದ್ದು 16 ಪುಟದ ಫಾರಂಗೆ 9 ಗಿನಿ. ಕಂತಿಗೆ ಒಂದೂವರೆ ಫಾರಂ, 24 ಪುಟ. ಗಿನಿಗೆ 21 ಶಿಲ್ಲಿಂಗ್ ಹಿಡಿದರೆ ತಿಂಗಳಿಗೆ 14 ಪೌಂಡ್ 3 ಶಿಲ್ಲಿಂಗ್ 6 ಪೆನ್ಸ್. ಆದರೆ ಒಂದೂವರೆ ಫಾರಂ ಅನ್ನುವುದು ಗೆರೆ ಹಾಕಿದ ಮಾತು. ಒಂದೂಮುಕ್ಕಾಲು ಬರೆದುಕೊಟ್ಟರೆ ಹೆಚ್ಚಿನ ಕಾಲು ಫಾರಂಗೆ ಕಾಸಿಲ್ಲ, ಕತ್ತರಿ ಅಷ್ಟೆ.

ಆ ಯೋಜನೆಯಲ್ಲಿ ಮೊದಲು ಚಿತ್ರಗಾರ ರಾಬರ್ಟ್ ಸೀಮೋರ್ ದೊಡ್ಡವನು, ಡಿಕನ್ಸ್ ಅವನ ಬೇಟೆಯ ಚಿತ್ರಗಳಿಗೆ ಅಡಿಬರಹ ಬರೆಯುವ 24ರ ಹುಡುಗ. ಸೀಮೋರ್ 1836ರ ಏಪ್ರಿಲ್ 20ರಂದು ಗುಂಡು ಹೊಡೆದುಕೊಂಡು ಸತ್ತ. ಆಮೇಲೆ ಚಿತ್ರ ನಾಲ್ಕರಿಂದ ಎರಡಕ್ಕೆ ಇಳಿಯಿತು, ಪುಟ 24ರಿಂದ 32ಕ್ಕೆ ಏರಿತು. ಮುಂದೆ ಹಲವು ಕಾದಂಬರಿಕಾರರು ಹಿಡಿದ ಅಚ್ಚು ಸಿದ್ಧವಾದದ್ದು ಹೀಗೆ, ಒಂದು ಸಾವಿನಿಂದ. ಶುರುವಿನಲ್ಲಿ ನೂರರ ಲೆಕ್ಕದಲ್ಲಿ ಹೊಲಿಯುತ್ತಿದ್ದ ಕಂತು ಕೊನೆಗೆ 40,000 ಪ್ರತಿ ಹೋಗುತ್ತಿತ್ತು.

ಅಚ್ಚುಮನೆ
ಮೇಲಿನದಕ್ಕೆ ಸೇರಿಸುವುದು: ಕಷ್ಟ ಇದ್ದದ್ದು ಉದ್ದ ಮಾಡುವುದರಲ್ಲಿ ಅಲ್ಲ, 32 ಪುಟಕ್ಕೆ ಸರಿಯಾಗಿ ಕೂರಿಸುವುದರಲ್ಲಿ. ಡಿಕನ್ಸ್ ಒಂದು ಕಂತಿಗೆ ಸುಮಾರು 30 ಹಾಳೆ ಬರೆಯುತ್ತಿದ್ದರು. ಬಾತುಕೋಳಿ ಗರಿಯ ಲೇಖನಿ, ಸಣ್ಣ ಅಕ್ಷರ, ಸಾಲಿನ ನಡುವೆ ಸಾಲು. ಅಕ್ಷರ ಸ್ವಲ್ಪ ಸಣ್ಣದಾದರೂ ಲೆಕ್ಕ ತಪ್ಪುತ್ತದೆ. ಡಾಂಬಿಯ ಮೊದಲ ಕಂತೇ ಉಕ್ಕಿತು, ಕರಡಚ್ಚಿನಲ್ಲಿ ಸಾಲು ಸಾಲು ಕಡಿದು ಕೂರಿಸಿದರು. ಅದೇ ಕಾದಂಬರಿಯ ಇನ್ನೊಂದು ಕಂತು ಎರಡು ಪುಟ ಕಡಿಮೆ ಬಿದ್ದಾಗ ಪ್ಯಾರಿಸಿನಲ್ಲಿದ್ದವರು ಅದನ್ನು ತುಂಬಿಸಲೆಂದೇ ಲಂಡನ್ನಿಗೆ ಓಡಿಬಂದರು. ಖಾಲಿ ಬಿಡುವಂತಿಲ್ಲ, 33ನೇ ಪುಟಕ್ಕೆ ಹೋಗುವಂತೆಯೂ ಇಲ್ಲ.

ಅದಕ್ಕೇ ಡಾಂಬಿಯಿಂದ (1846) ಮುಂದೆ ಕಂತಿಗೊಂದು ಯೋಜನಾ ಹಾಳೆ ಇಟ್ಟರು. ಹಾಳೆಯನ್ನು ಮಧ್ಯಕ್ಕೆ ಎರಡು ಭಾಗ ಮಾಡುವುದು. ಎಡಕ್ಕೆ ತನಗೆ ತಾನೇ ಕೇಳಿಕೊಳ್ಳುವ ಪ್ರಶ್ನೆಗಳು: ಈ ಪಾತ್ರ ಈ ಸಲ ಬರಬೇಕೇ? ಈ ಗುಟ್ಟು ಈಗಲೇ ಬಿಡಬೇಕೇ? ಪಕ್ಕದಲ್ಲೇ ಉತ್ತರ: ಹೌದು, ಇಲ್ಲ, ಮುಂದಿನ ಸಲ. ಬಲಕ್ಕೆ ಅಧ್ಯಾಯಗಳ ಹೆಸರು, ಒಂದೊಂದರಲ್ಲಿ ಏನೇನು. ಆ ಹಸ್ತಪ್ರತಿಗಳಲ್ಲಿ ಹೆಚ್ಚಿನವು ಗೆಳೆಯ ಜಾನ್ ಫಾರ್ಸ್ಟರ್ ಮೂಲಕ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಸೇರಿವೆ.

ರೇಖೆಬಣ್ಣ
ಚಿತ್ರಗಳ ವಿಷಯ ಯಾರೂ ಎತ್ತಲಿಲ್ಲ. ‘ಫಿಜ್’ ಅಂದರೆ ಹ್ಯಾಬ್ಲಟ್ ಬ್ರೌನ್ ಉಕ್ಕಿನ ತಗಡಿನ ಮೇಲೆ ಆಮ್ಲದಿಂದ ಕೊರೆಯುತ್ತಿದ್ದ. ಅದಕ್ಕೆ ದಿನಗಳು ಬೇಕು. ಕಂತು ಮಾರಾಟಕ್ಕೆ ಬರುವುದು ತಿಂಗಳ ಕೊನೆಗೆ. ಡಿಕನ್ಸ್ ಅಧ್ಯಾಯ ಮುಗಿಸುವ ತನಕ ಕಾದರೆ ಚಿತ್ರ ಆಗುವುದಿಲ್ಲ. ಆದ್ದರಿಂದ ಬರೆಯದೇ ಇರುವ ದೃಶ್ಯವನ್ನೇ ಮೊದಲು ಆರಿಸಿ ಅವನಿಗೆ ಹೇಳಿ ಕಳಿಸಬೇಕು, ಆಮೇಲೆ ಆ ದೃಶ್ಯ ಕಂತಿನಲ್ಲಿ ಬಂದೇ ತೀರಬೇಕು. ಇನ್ನೊಂದು: ಚಿತ್ರಗಳನ್ನು ಕಥೆಯ ಮುಂದೆ ಹೊಲಿಯುತ್ತಿದ್ದರು. ಕೊಂಡವರು ಮೊದಲು ಎರಡು ಚಿತ್ರ ನೋಡಿ, ಏನಾಗಬಹುದು ಅಂತ ಊಹಿಸಿ, ಆಮೇಲೆ ಓದು ಶುರುಮಾಡುತ್ತಿದ್ದರು. ಈಗಿನ ಮುದ್ರಣಗಳು ಚಿತ್ರವನ್ನು ಆಯಾ ಜಾಗಕ್ಕೆ ಸರಿಸಿ ಆ ರುಚಿಯನ್ನೇ ಕಳೆದುಬಿಟ್ಟಿವೆ.

ಹೊಸಓದು
ಇಷ್ಟು ಕಟ್ಟುನಿಟ್ಟು ಅಂತ ತಿಳಿದಿರಲಿಲ್ಲ. ಹಾಗಾದರೆ ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್ ಅಷ್ಟು ಚಿಕ್ಕದು ಹೇಗಾಯಿತು?

ಫಾರಂಲೆಕ್ಕ
ಅದು ವಾರದ ಧಾರಾವಾಹಿ. 1860ರ ಡಿಸೆಂಬರ್ 1ರಿಂದ 1861ರ ಆಗಸ್ಟ್ 3ರ ತನಕ 36 ವಾರ, ಅವರದೇ ಪತ್ರಿಕೆ ‘ಆಲ್ ದ ಇಯರ್ ರೌಂಡ್’ನಲ್ಲಿ. ಮೊದಲು 20 ಕಂತಿನದಾಗಿಯೇ ಯೋಚಿಸಿದ್ದರು. ಅಷ್ಟರಲ್ಲಿ ಆ ಪತ್ರಿಕೆಯಲ್ಲಿ ಬರುತ್ತಿದ್ದ ಚಾರ್ಲ್ಸ್ ಲೀವರ್ ಅವರ ಧಾರಾವಾಹಿ ಓದುಗರನ್ನು ಹಿಡಿಯದೆ ಪ್ರಸಾರ ಬೀಳತೊಡಗಿತು. ಪತ್ರಿಕೆ ಉಳಿಸಲು ತಮ್ಮ ಕಥೆಯನ್ನೇ ವಾರಕ್ಕೆ ಇಳಿಸಿದರು. ಹಾರ್ಡ್ ಟೈಮ್ಸ್ (1854, 20 ವಾರ) ಬರೆಯುವಾಗ ಜಾಗದ ಇಕ್ಕಟ್ಟಿಗೆ ಉಸಿರು ಕಟ್ಟುತ್ತಿದೆ ಅಂತ ಫಾರ್ಸ್ಟರ್‌ಗೆ ಗೋಳು ಹೇಳಿಕೊಂಡಿದ್ದರು. ಮಾಸಿಕ ಕಂತು ಕೊಟ್ಟರೆ ಊರಿಡೀ ತುಂಬಿಸುವ ಬರಹಗಾರ, ವಾರದ ಕಂತು ಕೊಟ್ಟರೆ ಒಂದೇ ಹುಡುಗನ ಬೆನ್ನು ಹಿಡಿದು ನಡೆಯುತ್ತಾನೆ. ಅಳತೆ ಬದಲಾದರೆ ಕಾದಂಬರಿಯ ಮೈಕಟ್ಟೇ ಬದಲಾಗುತ್ತದೆ.

ಪ್ಯಾರಿಸ್‌ಬೀದಿ
ಸಾಲಿನ ಲೆಕ್ಕದಲ್ಲಿ ದುಡ್ಡು ಎಣಿಸಿದ್ದು ಫ್ರಾನ್ಸಿನಲ್ಲಿ. 1836ರಲ್ಲಿ ಎಮಿಲ್ ದ ಜಿರಾರ್ದೆನ್ ‘ಲಾ ಪ್ರೆಸ್’ ಪತ್ರಿಕೆ ಹೊರಡಿಸಿದ. ಆಗ ಪ್ಯಾರಿಸಿನ ದಿನಪತ್ರಿಕೆಗಳ ವರ್ಷದ ಚಂದಾ 80 ಫ್ರಾಂಕ್, ಇವನು 40ಕ್ಕೆ ಇಳಿಸಿದ. ಉಳಿದದ್ದು ಜಾಹೀರಾತಿನಿಂದ ಬರಬೇಕು, ಜಾಹೀರಾತಿಗೆ ಓದುಗರು ಬೇಕು, ಓದುಗರಿಗೆ ನಾಳೆಯೂ ಪತ್ರಿಕೆ ತೆರೆಯುವ ಚಟ ಬೇಕು. ಅದಕ್ಕೆ ಮುಖಪುಟದ ತಳಭಾಗದಲ್ಲಿ ಕಾದಂಬರಿ. ಆ ಜಾಗಕ್ಕೆ ಅವರ ಅಡ್ಡಹೆಸರು ‘ನೆಲಮಹಡಿ’.

ದ್ಯೂಮಾನ ತ್ರೀ ಮಸ್ಕಿಟಿಯರ್ಸ್ 1844ರ ಮಾರ್ಚ್ 14ರಿಂದ ಜುಲೈ 14ರ ತನಕ ‘ಲ ಸಿಯೆಕ್ಲ್’ನಲ್ಲಿ ಬಂತು. ಅಥೋಸ್‌ನ ಸೇವಕ ಗ್ರಿಮೋ ನೆನಪಿದೆಯೇ? ಒಂದೊಂದೇ ಪದದಲ್ಲಿ ಉತ್ತರ ಕೊಡುವವನು. ‘ಹೂಂ’ ಅಂದರೂ ಅದೊಂದು ಸಾಲು, ಸಾಲಿಗೆ ಕಾಸು. ಅರ್ಧ ಅಂಕಣ ದಾಟದ ಸಾಲನ್ನು ಎಣಿಸಬಾರದು ಅಂತ ಪತ್ರಿಕೆಯವರು ನಿಯಮ ಮಾಡಿದ ಮೇಲೆ ಅಂಥ ಮಾತುಗಾರರ ಬಾಯಿ ಬಂದ್ ಆಯಿತು ಅಂತ ಒಂದು ಕಥೆ ಇದೆ. ಕಥೆಗೆ ಬಣ್ಣ ಹೆಚ್ಚೇ ಇರಬಹುದು, ಆದರೆ ದ್ಯೂಮಾನ ಪುಟ ತೆರೆದರೆ ಚುಟುಕು ಸಂಭಾಷಣೆಯ ಏಣಿ ಕಣ್ಣಿಗೆ ಬೀಳುತ್ತದೆ. ಗಮನಿಸಿ, ಸಾಲಿನ ಲೆಕ್ಕ ಅವನನ್ನು ಎಳೆಯಲು ಕಲಿಸಲಿಲ್ಲ, ಓಡಲು ಕಲಿಸಿತು.

ಧಾರವಾಡದಾಂವ
ದ್ಯೂಮಾ ಒಬ್ಬನs ಬರೀತಿದ್ದಿಲ್ರೀ. ಓಗ್ಯುಸ್ತ್ ಮಾಕೆ ಅಂಬಾಂವ ಇತಿಹಾಸ ಹುಡುಕಿ ಕಥೀ ಎಳಿ ಕಟ್ಟಿ ಕೊಡ್ತಿದ್ದ. ಮುಂದ ಕೋರ್ಟಿಗೂ ಹೋದ. ರೊಕ್ಕ ಸಿಕ್ತು, ಪುಸ್ತಕದ ಮ್ಯಾಲೆ ಹೆಸರು ಸಿಗಲಿಲ್ಲ. ಅವನ ಹೆಸರು ಹೇಳದs ದ್ಯೂಮಾನ ಮಾತು ಮುಗಸೂದು ಅನ್ಯಾಯ.

ಪ್ಯಾರಿಸ್‌ಬೀದಿ
ಒಪ್ಪಿದೆ. ಮಾಕೆಯ ಕರಡನ್ನೂ ದ್ಯೂಮಾನ ಅಂತಿಮ ಪ್ರತಿಯನ್ನೂ ಪಕ್ಕಪಕ್ಕ ಇಟ್ಟರೆ ಜೀವ ತುಂಬಿದವನು ದ್ಯೂಮಾ ಅನ್ನುವುದೂ ಕಾಣುತ್ತದೆ. ಹೆಸರು ಇಬ್ಬರದೂ ಇರಬೇಕಿತ್ತು.

ಅಚ್ಚುಮನೆ
ಫ್ರಾನ್ಸಿನ ಮಾತು ಬಂದರೆ ಬಾಲ್ಜಾಕ್ (1799-1850) ಬಿಡಲಾಗದು. ಸ್ವತಃ ಮುದ್ರಣಾಲಯ ನಡೆಸಿ 1828ರಲ್ಲಿ ಮುಳುಗಿದವನು, ಆ ಸಾಲ ಬಹುಕಾಲ ಬೆನ್ನು ಬಿಡಲಿಲ್ಲ. ಬರೆಯುವ ಕ್ರಮ: ಸಂಜೆಯೇ ಮಲಗಿ ನಡುರಾತ್ರಿ ಏಳುವುದು, ಸನ್ಯಾಸಿಯಂಥ ಬಿಳಿ ನಿಲುವಂಗಿ, ಮೇಣದಬತ್ತಿ, ಕಾಫಿ, ಬೆಳಗಿನ ತನಕ ಬರಹ.

ನಿಜವಾದ ಬರವಣಿಗೆ ಶುರುವಾಗುತ್ತಿದ್ದುದು ಕರಡಚ್ಚು ಬಂದ ಮೇಲೆ. ದೊಡ್ಡ ಹಾಳೆಯ ನಡುವೆ ಸಣ್ಣ ಚೌಕವಾಗಿ ಮುದ್ರಿಸಿ, ನಾಲ್ಕೂ ಕಡೆ ಅಗಲ ಅಂಚು ಬಿಟ್ಟು ಕೊಡಬೇಕು ಅಂತ ಅವನ ಷರತ್ತು. ಆ ಅಂಚಿನಲ್ಲಿ ಹೊಸ ವಾಕ್ಯ, ಅಂಚು ತುಂಬಿದರೆ ಅಂಟಿಸಿದ ಚೀಟಿ, ಚೀಟಿಯಿಂದ ಚೌಕದೊಳಕ್ಕೆ ಎಳೆದ ಗೆರೆಗಳು. ಬಾಣಬಿರುಸು ಸಿಡಿದಂತೆ ಕಾಣುತ್ತದೆ ಆ ಪುಟ. ಮತ್ತೆ ಅಚ್ಚಿನ ಮೊಳೆ ಜೋಡಿಸಿ ಹೊಸ ಕರಡು, ಅದಕ್ಕೂ ಹೀಗೇ, ಹತ್ತು ಹದಿನೈದು ಸುತ್ತು. ಮೊಳೆ ಜೋಡಿಸುವವರು ಬಾಲ್ಜಾಕನ ಹಾಳೆಯನ್ನು ಗಂಟೆಗೊಬ್ಬರಂತೆ ಸರದಿಯ ಮೇಲೆ ಹಿಡಿಯುತ್ತಿದ್ದರಂತೆ. ತಿದ್ದುಪಡಿಯ ಕೂಲಿ ಅವನ ಸಂಭಾವನೆಯಿಂದಲೇ ಕಡಿತ. ಬರೆದಷ್ಟೂ ದುಡ್ಡು ಅನ್ನುವ ವಾದಕ್ಕೆ ಇವನೇ ಉತ್ತರ, ಇವನಿಗೆ ಬರೆದಷ್ಟೂ ನಷ್ಟ.

ಕಡಲತಡಿ
ವಿಷಯಾಂತರಕ್ಕೆ ಕ್ಷಮೆ ಇರಲಿ. ಬಾಲ್ಜಾಕ್ ಕಾಫಿ ಪುಡಿಯನ್ನೇ ತಿನ್ನುತ್ತಿದ್ದ ಅಂತ ಕೇಳಿದ್ದು ಸತ್ಯವಾ?

ಅಚ್ಚುಮನೆ
1839ರ ಅವನ ಲೇಖನವೊಂದು ಕಾಫಿ, ಚಹಾ, ತಂಬಾಕು, ಮದ್ಯಗಳ ಬಗ್ಗೆಯೇ ಇದೆ. ಅದರಲ್ಲಿ ನುಣ್ಣಗೆ ಅರೆದ, ಹೆಚ್ಚುಕಡಿಮೆ ನೀರೇ ಇಲ್ಲದ ತಣ್ಣನೆ ಕಾಫಿಯನ್ನು ಖಾಲಿ ಹೊಟ್ಟೆಗೆ ಇಳಿಸುವ ಕ್ರಮ ಹೇಳುತ್ತಾನೆ. ಗಟ್ಟಿಮುಟ್ಟಾದ ಮೈಯವರಿಗೆ ಮಾತ್ರ ಅಂತ ಎಚ್ಚರವೂ ಕೊಡುತ್ತಾನೆ. 51ಕ್ಕೇ ಹೋದ. ಅನುಸರಿಸುವ ವಿಧಾನವಲ್ಲ.

ಸೇಂಟ್‌ಪೀಟರ್‌ಸ್ಬರ್ಗ್
ರಷ್ಯಾಕ್ಕೆ ಬನ್ನಿ. ಅಲ್ಲಿ ಫಾರಂ ಲೆಕ್ಕ ನಿಜಕ್ಕೂ ನಡೆಯುತ್ತಿತ್ತು. ದಪ್ಪ ಮಾಸಪತ್ರಿಕೆಗಳು, 16 ಪುಟದ ಫಾರಂಗೆ ಇಷ್ಟು ರೂಬಲ್. ಈ ದರವೇ ಲೇಖಕನ ಸ್ಥಾನಮಾನ.

ಕ್ರೈಮ್ ಅಂಡ್ ಪನಿಶ್‌ಮೆಂಟ್ (1866) ಬರೆದ ದಾಸ್ತೊಯೆವ್ಸ್ಕಿಗೆ ‘ರಷ್ಯನ್ ಮೆಸೆಂಜರ್’ ಕೊಟ್ಟದ್ದು ಫಾರಂಗೆ 150. ಅದೇ ಕಾಲಕ್ಕೆ, ಅದೇ ಪತ್ರಿಕೆಯಲ್ಲಿ, ವಾರ್ ಅಂಡ್ ಪೀಸ್‌ನ ಮೊದಲ ಭಾಗಗಳಿಗೆ ಟಾಲ್‌ಸ್ಟಾಯ್‌ಗೆ 300. 1874ರಲ್ಲಿ ನೆಕ್ರಾಸೊವ್ ತನ್ನ ಪತ್ರಿಕೆಗೆ ಬರೆದುಕೊಡಿ, 250 ಕೊಡ್ತೀನಿ ಅಂದ. ದಾಸ್ತೊಯೆವ್ಸ್ಕಿ ರಷ್ಯನ್ ಮೆಸೆಂಜರ್‌ನ ಕತ್ಕೋವ್‌ಗೆ ಇದೇ ದರ ಕೇಳಿದಾಗ ಅಲ್ಲಿ ಮೀನಮೇಷ. ಯಾಕೆ? ಅನಾ ಕರೆನಿನಾಗೆ ಟಾಲ್‌ಸ್ಟಾಯ್ ಜೊತೆ 500ಕ್ಕೆ ಮಾತಾಗಿತ್ತು. ಅದನ್ನು ತಿಳಿದು ದಾಸ್ತೊಯೆವ್ಸ್ಕಿ ಹೆಂಡತಿಗೆ ಬರೆದ ಪತ್ರದಲ್ಲಿ ಆ ನೋವು ಹಾಗೇ ಇದೆ. ಬ್ರದರ್ಸ್ ಕರಮಜೋವ್ ಹೊತ್ತಿಗೆ 300ಕ್ಕೆ ಏರಿದರು.

ದರ ಕಡಿಮೆಯಾದ್ದರಿಂದ ಹೆಚ್ಚು ಬರೆದರೇ? ಹೆಚ್ಚು ಬರೆಯಬೇಕಾಯಿತು, ಅದೂ ಅವಸರದಲ್ಲಿ. ಟಾಲ್‌ಸ್ಟಾಯ್‌ಗೆ ಜಮೀನಿತ್ತು. ದಾಸ್ತೊಯೆವ್ಸ್ಕಿಗೆ ಇದ್ದದ್ದು ಸತ್ತ ಅಣ್ಣನ ಸಾಲ. ಆದರೂ 1865ರ ನವೆಂಬರಿನಲ್ಲಿ ಕ್ರೈಮ್ ಅಂಡ್ ಪನಿಶ್‌ಮೆಂಟ್‌ನ ಬಹಳಷ್ಟು ಬರೆದಾಗಿದ್ದನ್ನು ಸುಟ್ಟುಹಾಕಿ ಹೊಸದಾಗಿ ಶುರುಮಾಡಿದವರು ಅವರು. ಫಾರಂಗೆ ಕಾಸು ಎಣಿಸುವವರು ಬರೆದ ಫಾರಂಗಳನ್ನು ಒಲೆಗೆ ಹಾಕುವುದಿಲ್ಲ.

ಮಲ್ಲಿಗೆಬಳ್ಳಿ
26 ದಿನದಲ್ಲಿ ಬರೆದ ಕಾದಂಬರಿಯ ವಿಷಯ ಹೇಳಿ ಸರ್, ಅದರ ಲೆಕ್ಕ ಬಹಳ ಜನರಿಗೆ ತಪ್ಪು ತಿಳಿದಿದೆ.

ಸೇಂಟ್‌ಪೀಟರ್‌ಸ್ಬರ್ಗ್
1865ರ ಬೇಸಿಗೆಯಲ್ಲಿ ಸ್ಟೆಲ್ಲೊವ್ಸ್ಕಿ ಅನ್ನುವ ಪ್ರಕಾಶಕ 3000 ರೂಬಲ್ ಕೊಟ್ಟು ಕರಾರು ಬರೆಸಿಕೊಂಡ. ಅದರಲ್ಲಿ ಅವನಿಗೆ ದಕ್ಕಿದ್ದು ಎರಡು: ಹಳೆಯ ಕೃತಿಗಳ ಒಂದು ಸಮಗ್ರ ಮುದ್ರಣ, ಜೊತೆಗೆ 1866ರ ನವೆಂಬರ್ 1ರೊಳಗೆ ಹೊಸದೊಂದು ಕಾದಂಬರಿ. ತಪ್ಪಿದರೆ ಮುಂದಿನ ಒಂಬತ್ತು ವರ್ಷ ದಾಸ್ತೊಯೆವ್ಸ್ಕಿ ಬರೆದದ್ದನ್ನೆಲ್ಲ ಅವನು ಬಿಡಿಗಾಸು ಕೊಡದೆ ಅಚ್ಚು ಹಾಕಬಹುದು.

1866ರ ಅಕ್ಟೋಬರ್ ಬಂದರೂ ಆ ಕಾದಂಬರಿಯ ಒಂದು ಸಾಲೂ ಆಗಿರಲಿಲ್ಲ, ಏಕೆಂದರೆ ಕ್ರೈಮ್ ಅಂಡ್ ಪನಿಶ್‌ಮೆಂಟ್‌ನ ಕಂತುಗಳು ತಿಂಗಳು ತಿಂಗಳು ಹೋಗುತ್ತಿದ್ದವು. ಅಕ್ಟೋಬರ್ 4ಕ್ಕೆ ಶೀಘ್ರಲಿಪಿ ಕಲಿತ 20ರ ಅನಾ ಸ್ನಿತ್ಕಿನಾ ಬಂದಳು. ಕ್ರಮ ಹೀಗೆ: ಮಧ್ಯಾಹ್ನ 12ರಿಂದ 4ರ ತನಕ ಅವರು ಹೇಳುವುದು, ಅವಳು ಶೀಘ್ರಲಿಪಿಯಲ್ಲಿ ಹಿಡಿಯುವುದು. ರಾತ್ರಿ ಮನೆಯಲ್ಲಿ ಅದನ್ನು ಬಿಡಿಸಿ ಶುದ್ಧಪ್ರತಿ ಮಾಡುವುದು. ಮರುದಿನ ಅವರು ಅದನ್ನು ತಿದ್ದಿ ಮುಂದಿನದನ್ನು ಹೇಳುವುದು. ಅಕ್ಟೋಬರ್ 29ಕ್ಕೆ ‘ಜೂಜುಗಾರ’ ಮುಗಿಯಿತು.

ಇಲ್ಲಿ ಕೊನೆಯ ಮೋಸ. ಒಪ್ಪಿಸಲು ಹೋದರೆ ಸ್ಟೆಲ್ಲೊವ್ಸ್ಕಿ ಊರಲ್ಲಿಲ್ಲ, ಅವನ ಕಚೇರಿಯವರು ತೆಗೆದುಕೊಳ್ಳಲು ಒಲ್ಲರು. ಗಡುವು ಮುಗಿಯಲು ಎರಡು ಗಂಟೆ ಇರುವಾಗ ಪೊಲೀಸ್ ಠಾಣೆಯಲ್ಲಿ ಹಸ್ತಪ್ರತಿ ಕೊಟ್ಟು, ದಿನಾಂಕದ ಸಮೇತ ರಸೀದಿ ಪಡೆದರು. ಹೀಗೊಂದು ದಾರಿ ಇದೆ ಅಂತ ವಕೀಲರಲ್ಲಿ ಮೊದಲೇ ವಿಚಾರಿಸಿಟ್ಟಿದ್ದು ಅನಾ ಮತ್ತು ಅವಳ ತಾಯಿ. 1867ರ ಫೆಬ್ರವರಿ 15ಕ್ಕೆ ಮದುವೆ.

ಪಂಚಾಂಗ
ಸಣ್ಣ ಟಿಪ್ಪಣಿ: ಇವೆಲ್ಲ ರಷ್ಯಾದ ಹಳೇ ಕ್ಯಾಲೆಂಡರಿನ ದಿನಾಂಕ. ಆ ಶತಮಾನದಲ್ಲಿ ಪಶ್ಚಿಮದ್ದಕ್ಕಿಂತ 12 ದಿನ ಹಿಂದೆ. ಪೀಟರ್‌ಸ್ಬರ್ಗಿನ ನವೆಂಬರ್ 1 ಲಂಡನ್ನಿನಲ್ಲಿ ನವೆಂಬರ್ 13. ಎರಡು ಪುಸ್ತಕಗಳಲ್ಲಿ ಎರಡು ದಿನಾಂಕ ಕಂಡರೆ ಗಾಬರಿ ಬೇಡ.

ಮಲ್ಲಿಗೆಬಳ್ಳಿ
ಇಡೀ ಚರ್ಚೆಯಲ್ಲಿ ಗಂಡಸರ ಹೆಸರೇ ಉರುಳುತ್ತಿದೆ, ಆದರೆ ಕೆಲಸ ಎಷ್ಟು ಕೈಗಳಲ್ಲಿ ಹಂಚಿತ್ತು ನೋಡಿ. ಅನಾ ಶೀಘ್ರಲಿಪಿಗೆ ನಿಲ್ಲಲಿಲ್ಲ. 1873ರಲ್ಲಿ ‘ಡೆಮನ್ಸ್’ ಕಾದಂಬರಿಯನ್ನು ಪ್ರಕಾಶಕರಿಗೆ ಕೊಡದೆ ತಾನೇ 3500 ಪ್ರತಿ ಅಚ್ಚು ಹಾಕಿಸಿದಳು. ಕಾಗದ ಎಲ್ಲಿ ಅಗ್ಗ, ಅಂಗಡಿಯವರಿಗೆ ಎಷ್ಟು ಕಮಿಷನ್ ಬಿಡಬೇಕು, ಮುದ್ರಕರಿಗೆ ಎಷ್ಟು ದಿನದ ಸಾಲ, ಎಲ್ಲ ವಿಚಾರಿಸಿ ಮನೆಯ ಬಾಗಿಲಲ್ಲೇ ಪುಸ್ತಕ ವ್ಯಾಪಾರಿಗಳಿಗೆ ಮಾರಿದಳು. ಆಮೇಲಿಂದ ಆ ಮನೆಯ ಸಾಲ ಕರಗತೊಡಗಿತು.

ಸೋಫಿಯಾ ಟಾಲ್‌ಸ್ಟಾಯಾ ವಾರ್ ಅಂಡ್ ಪೀಸ್ ಅನ್ನು ಏಳು ಸಲ ಕೈಯಲ್ಲಿ ನಕಲು ಮಾಡಿದಳು. ಏಳು ಸಲ!

ಸೇಂಟ್‌ಪೀಟರ್‌ಸ್ಬರ್ಗ್
@ಮಲ್ಲಿಗೆಬಳ್ಳಿ ಮೇಡಂ, ಅನಾ ಬಗ್ಗೆ ನೂರಕ್ಕೆ ನೂರು ಒಪ್ಪುತ್ತೇನೆ. ‘ಏಳು ಸಲ’ ಮಾತ್ರ ಮಗನ ನೆನಪಿನಿಂದ ಹರಡಿದ ಮಾತು. ಕೆಲವು ಭಾಗಗಳು ಅದಕ್ಕಿಂತ ಹೆಚ್ಚು ಸಲ ನಕಲಾಗಿವೆ, ಕೆಲವು ಒಂದೆರಡು ಸಲಕ್ಕೇ ನಿಂತಿವೆ, ಇಡೀ ಪುಸ್ತಕ ಮೊದಲಿಂದ ಕೊನೆಗೆ ಏಳು ಸಲ ಅಲ್ಲ.

ಶ್ರಮ ಮಾತ್ರ ಸಣ್ಣದಲ್ಲ. ಮಕ್ಕಳು ಮಲಗಿದ ಮೇಲೆ ಕೂತು, ಗಂಡನ ಗೀಚನ್ನು, ಸಾಲಿನ ಮಧ್ಯೆ, ಅಂಚಿನಲ್ಲಿ, ಅಡ್ಡಡ್ಡ ಬರೆದದ್ದನ್ನೆಲ್ಲ ಬಿಡಿಸಿ ಚೊಕ್ಕವಾಗಿ ಬರೆದು ಮೇಜಿನ ಮೇಲಿಡುವುದು. ಮರುದಿನ ಅದು ಮತ್ತೆ ಕಪ್ಪಾಗಿ ಹಿಂದಿರುಗುವುದು. ಅನಾ ಕರೆನಿನಾದ ಕರಡಚ್ಚುಗಳ ಬಗ್ಗೆ ಮಗ ಇಲ್ಯಾ ಬರೆದಿದ್ದಾನೆ: ಮೊದಲು ಅಂಚಿನಲ್ಲಿ ಬರೀ ಅಲ್ಪವಿರಾಮದ ಗುರುತು, ಆಮೇಲೆ ಒಂದೊಂದು ಪದ, ಆಮೇಲೆ ಇಡೀ ವಾಕ್ಯ, ಕೊನೆಗೆ ಹಾಳೆ ಮಸಿಯಲ್ಲಿ ಮುಳುಗಿ ಅಚ್ಚುಮನೆಗೆ ಕಳಿಸುವಂತೆಯೇ ಇರದು. ತಾಯಿ ರಾತ್ರಿಯಿಡೀ ಕೂತು ಶುದ್ಧಪ್ರತಿ ಮಾಡಿ ಬೆಳಿಗ್ಗೆ ಅಂಚೆಗೆ ಅಂತ ಜೋಡಿಸಿಟ್ಟಿರುತ್ತಾಳೆ. ತಂದೆ ‘ಕೊನೆಯ ಸಲ ಒಂದು ನೋಟ’ ಅಂತ ಎತ್ತಿಕೊಂಡು ಹೋಗುತ್ತಾನೆ. ಸಂಜೆಗೆ ಎಲ್ಲ ಮತ್ತೆ ಮೊದಲಿನಂತೆ.

ಧಾರವಾಡದಾಂವ
ಇವ್ರೆಲ್ಲಾರನ್ನೂ ಮೀರಿದಾಂವ ಆಂಥನಿ ಟ್ರೊಲೊಪ್. ಅಂಚೆ ಇಲಾಖೆ ಅಧಿಕಾರಿ. ಮುಂಜಾನೆ 5:30ಕ್ಕ ಮೇಜಿಗೆ ಕೂಡೂದು. ಕಾಫಿ ತಂದು ಎಬ್ಬಸಾಕ ಆಳಿಗೆ ವರ್ಷಕ್ಕ 5 ಪೌಂಡ್ ಹೆಚ್ಚಿಗಿ. ಗಡಿಯಾರ ಮುಂದಿಟ್ಟು 15 ನಿಮಿಷಕ್ಕ 250 ಪದ. ಮೂರು ತಾಸಿನ್ಯಾಗ ಮೊದಲಿನ ಅರ್ಧಾ ತಾಸು ನಿನ್ನಿದು ಓದೂದು, ಉಳದ ಎರಡೂವರಿ ತಾಸಿಗೆ 2500 ಪದ. ಎಷ್ಟು ಪುಟ ಆತು ಅಂತ ದಿನಾ ವಹಿಯೊಳಗ ಬರಕೊಳ್ಳೂದು. 47 ಕಾದಂಬರಿ. 1879ರ ತನಕ ಪುಸ್ತಕದಿಂದ ಗಳಿಸಿದ್ದು 68,939 ಪೌಂಡ್ 17 ಶಿಲ್ಲಿಂಗ್ 5 ಪೆನ್ಸ್ ಅಂತ ಪೆನ್ಸಿನ ತನಕ ಬರದಿಟ್ಟಾನ.

ಕಡಲತಡಿ
ಅದು ಬರವಣಿಗೆಯಲ್ಲ, ಗುಮಾಸ್ತಿಕೆ. ಹೀಗೆ ಬರೆದದ್ದಕ್ಕೇ ಅವನನ್ನು ಡಿಕನ್ಸ್ ಪಕ್ಕ ಕೂರಿಸಲು ಆಗುವುದಿಲ್ಲ.

ಧಾರವಾಡದಾಂವ
ಆತ್ಮಕಥಿ 1883ರಾಗ ಹೊರಗ ಬಂದ ಮ್ಯಾಲೆ ಇಂಗ್ಲಂಡದವರೂ ಹಿಂಗs ಅಂದು ಅವನ ಮರ್ಯಾದಿ ಇಳಿಸಿದ್ರು. ಲೆಕ್ಕಾ ಬಚ್ಚಿಟ್ಟಿದ್ರ ಮಹಾಪುರುಷ ಆಗ್ತಿದ್ದ. ಅವನ ಲಾಭ ಏನ ಗೊತ್ತದನ್ರೀ? ಹೆಚ್ಚಿನವು ಇಡೀ ಬರದು ಮುಗಿಸಿ ಆಮ್ಯಾಲೆ ಕಂತಿಗೆ ಕೊಡ್ತಿದ್ದ. ಡಿಕನ್ಸ್ ಕಂತಿಂದ ಕಂತಿಗೆ ಬರೀತಿದ್ದ, ಹಿಂದಿನ ತಪ್ಪು ತಿದ್ದಾಕ ಬರ್ತಿದ್ದಿಲ್ಲ. ಅಚ್ಚಾಗಿ ಜನರ ಕೈಯಾಗ ಇರತಿತ್ತು.

ಫಾರಂಲೆಕ್ಕ
ಹೌದು, ಅದು ಡಿಕನ್ಸ್ ಆರಿಸಿಕೊಂಡ ಅಪಾಯ. ಸಾವೂ ಆ ಲೆಕ್ಕದೊಳಗೇ ಬಂತು. 1865ರ ಜೂನ್ 9ರಂದು ಸ್ಟೇಪಲ್‌ಹರ್ಸ್ಟ್‌ನಲ್ಲಿ ರೈಲು ಹಳಿ ತಪ್ಪಿದಾಗ ಗಾಯಾಳುಗಳಿಗೆ ನೀರು ಕೊಟ್ಟು ಓಡಾಡಿದ ಮೇಲೆ, ‘ಅವರ್ ಮ್ಯೂಚುವಲ್ ಫ್ರೆಂಡ್’ನ ಹಸ್ತಪ್ರತಿ ಬೋಗಿಯಲ್ಲೇ ಉಳಿದದ್ದು ನೆನಪಾಗಿ ತೂಗಾಡುತ್ತಿದ್ದ ಆ ಬೋಗಿಯೊಳಕ್ಕೆ ಮತ್ತೆ ಹತ್ತಿ ತಂದರು. ಕೊನೆಯ ಕಾದಂಬರಿ ‘ಎಡ್ವಿನ್ ಡ್ರೂಡ್’ಗೆ 12 ಕಂತು ಅಂತ ಕರಾರು, 7500 ಪೌಂಡ್. ನಡುವೆ ಲೇಖಕ ತೀರಿಕೊಂಡರೆ ಎಷ್ಟು ಹಣ ಹಿಂದಿರುಗಬೇಕು ಅನ್ನುವ ಷರತ್ತನ್ನು ಅವರೇ ಕೇಳಿ ಹಾಕಿಸಿದರು. ಆರನೇ ಕಂತು ಬರೆದಾಗ, 1870ರ ಜೂನ್ 9ಕ್ಕೆ, ರೈಲು ಅಪಘಾತಕ್ಕೆ ಸರಿಯಾಗಿ ಐದು ವರ್ಷಕ್ಕೆ ತೀರಿಕೊಂಡರು. ಆ ಕಥೆಯಲ್ಲಿ ಕೊಲೆ ಮಾಡಿದ್ದು ಯಾರು ಅಂತ ಹೇಳುವವರೇ ಇಲ್ಲ.

ಅಚ್ಚುಮನೆ
ಉದ್ದ ಬಿಡಿ, ಸಂಪಾದಕರ ಕತ್ತರಿಯ ಮಾತೂ ಆಗಲಿ. ಥಾಮಸ್ ಹಾರ್ಡಿಯ ‘ಟೆಸ್’ 1891ರಲ್ಲಿ ‘ದ ಗ್ರಾಫಿಕ್’ ವಾರಪತ್ರಿಕೆಯಲ್ಲಿ ಬಂತು. ನೀರು ತುಂಬಿದ ದಾರಿಯಲ್ಲಿ ಏಂಜಲ್ ಕ್ಲೇರ್ ಹಾಲು ಕರೆಯುವ ಹುಡುಗಿಯರನ್ನು ಒಬ್ಬೊಬ್ಬರಾಗಿ ತೋಳಲ್ಲಿ ಎತ್ತಿ ದಾಟಿಸುವ ದೃಶ್ಯ ಇದೆಯಲ್ಲ, ಮನೆಮಂದಿ ಓದುವ ಪತ್ರಿಕೆಗೆ ಅದು ಸಲ್ಲದು ಅಂದರು. ಹಾರ್ಡಿ ಒಂದು ತಳ್ಳುಗಾಡಿ ತಂದು ಅದರಲ್ಲಿ ಕೂರಿಸಿ ದಾಟಿಸಿದ. ಪುಸ್ತಕವಾಗುವಾಗ ಗಾಡಿ ತೆಗೆದು ತೋಳು ವಾಪಸ್ಸು ತಂದ.

ಸೇಂಟ್‌ಪೀಟರ್‌ಸ್ಬರ್ಗ್
ಅನಾ ಕರೆನಿನಾದ್ದು ಇನ್ನೂ ಜೋರು. 1877ರಲ್ಲಿ ಕೊನೆಯ ಎಂಟನೇ ಭಾಗವನ್ನು ಕತ್ಕೋವ್ ಅಚ್ಚು ಹಾಕಲು ಒಪ್ಪಲಿಲ್ಲ, ಸೆರ್ಬಿಯಾ ಯುದ್ಧಕ್ಕೆ ಹೊರಟ ಸ್ವಯಂಸೇವಕರ ಬಗ್ಗೆ ಟಾಲ್‌ಸ್ಟಾಯ್ ಬರೆದದ್ದು ಅವನಿಗೆ ಹಿಡಿಸಲಿಲ್ಲ. ನಾಯಕಿ ಸತ್ತಳು, ಕಥೆ ಮುಗಿಯಿತು ಅಂತ ಒಂದು ಟಿಪ್ಪಣಿ ಹಾಕಿ ಕೈತೊಳೆದುಕೊಂಡ. ಟಾಲ್‌ಸ್ಟಾಯ್ ಆ ಭಾಗವನ್ನು ಬೇರೆ ಪುಸ್ತಿಕೆಯಾಗಿ ಸ್ವಂತ ಖರ್ಚಿನಲ್ಲಿ ತಂದರು. ಎರಡು ವರ್ಷ ಆ ಪತ್ರಿಕೆಯಲ್ಲೇ ಓದಿದವರಿಗೆ ಕಾದಂಬರಿಯ ಇನ್ನೊಬ್ಬ ನಾಯಕ ಲೆವಿನ್‌ನ ಕಥೆಯ ಕೊನೆ ಅಲ್ಲಿ ಸಿಗಲಿಲ್ಲ.

ಹಳೇಪುಟ
ನಮ್ಮ ಕಡೆಯದನ್ನೂ ಒಂದಿಷ್ಟು ಸೇರಿಸೋಣ. ಬಂಕಿಮಚಂದ್ರರು 1872ರಲ್ಲಿ ‘ಬಂಗದರ್ಶನ’ ಹೊರಡಿಸಿ ‘ವಿಷವೃಕ್ಷ’ವನ್ನು ಅದರಲ್ಲೇ ಧಾರಾವಾಹಿಯಾಗಿ ತಂದರು. ಸರ್ಕಾರಿ ನೌಕರಿಯ ಬಿಡುವಿನಲ್ಲಿ ಬರೆದವರು, ಟ್ರೊಲೊಪ್‌ನ ಹಾಗೆ. ಅವರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದದ್ದರಿಂದ ಕಾದಂಬರಿ ಓದುವ ರುಚಿ ಇಲ್ಲಿ ಹತ್ತಿತು.

ಅದೇ ಹೊತ್ತಿಗೆ ಉಡುಪಿಯಲ್ಲಿ ಮುದ್ದಣ (1870-1901), ವ್ಯಾಯಾಮದ ಮೇಷ್ಟ್ರು. ತಾನು ಬರೆದದ್ದನ್ನು ಹಳೆಯ ಕವಿಯೊಬ್ಬನ ಕೃತಿ ಅಂತ ಮೈಸೂರಿಗೆ ಕಳಿಸಿ ಅಚ್ಚು ಮಾಡಿಸಿದ. ಫಾರಂಗೆ ಇಷ್ಟು ಅಂತ ಕೇಳುವ ಮಾತು ಹಾಗಿರಲಿ, ತನ್ನ ಹೆಸರನ್ನೇ ಕೇಳಲಿಲ್ಲ. 31ಕ್ಕೆ ಕ್ಷಯದಿಂದ ಹೋದ. ಡಿಕನ್ಸ್ ಕಂತು ಬಂದ ದಿನ ಓದುಗರು ಮುಗಿಬೀಳುತ್ತಿದ್ದರು. ಮುದ್ದಣನಿಗೆ ಓದುಗರೇ ಕಾಣಲಿಲ್ಲ, ಆದ್ದರಿಂದ ಕಥೆ ಕೇಳುವ ಮನೋರಮೆಯನ್ನು ಕೃತಿಯ ಒಳಗೇ ಕೂರಿಸಿಕೊಂಡ ಅನಿಸುತ್ತದೆ ನನಗೆ.

ಮಲ್ಲಿಗೆಬಳ್ಳಿ
@ಹಳೇಪುಟ ಮನೋರಮೆಯ ಬಗ್ಗೆ ಹೇಳಿದ್ದು ಮನಸ್ಸಿಗೆ ತಟ್ಟಿತು. ಇದಕ್ಕೆ ಬೇರೆಯೇ ಚರ್ಚೆ ತೆರೆಯಿರಿ, ಇಲ್ಲಿ ಮುಳುಗಿಹೋಗುತ್ತದೆ.

ಹೊಸಓದು
ಎಲ್ಲರಿಗೂ ಧನ್ಯವಾದ. ಹೊಟ್ಟು ಅನ್ನುವ ಮಾತು ಬಿಟ್ಟೆ. ಈಗ ಕಂತಿನ ಲೆಕ್ಕದಲ್ಲೇ ಓದಬೇಕು ಅನಿಸುತ್ತಿದೆ. ಡೇವಿಡ್ ಕಾಪರ್‌ಫೀಲ್ಡ್ ತೆಗೆದುಕೊಂಡರೆ ಕಂತು ಎಲ್ಲೆಲ್ಲಿ ಮುಗಿಯುತ್ತಿತ್ತು?

ಫಾರಂಲೆಕ್ಕ
1849ರ ಮೇಯಿಂದ 1850ರ ನವೆಂಬರ್ ತನಕ, 64 ಅಧ್ಯಾಯ. ಮೊದಲ ಒಂಬತ್ತು ಕಂತು ಮೂರು ಮೂರು ಅಧ್ಯಾಯ: 1-3, 4-6, ಹೀಗೆ 25-27ರ ತನಕ. ಹತ್ತನೆಯದು ನಾಲ್ಕು, 28-31. ಆಮೇಲೆ 32-34, 35-37, 38-40, 41-43, 44-46. ಹದಿನಾರನೆಯದು 47-50. ಮುಂದೆ 51-53, 54-57. ಜೋಡಿ ಕಂತು 58-64.

ವಾರಕ್ಕೊಂದು ಕಂತು ಓದಿ, ಮುಂದಿನದಕ್ಕೆ ಕೈ ಹಾಕಬೇಡಿ. ನಿಲ್ಲಿಸಿದ ಜಾಗ ನೋಡಿ. ಮೊದಲ ಕಂತು ಮುಗಿಯುವುದು ಹುಡುಗ ಊರಿನಿಂದ ಬಂದು, ಅಮ್ಮ ಮತ್ತೆ ಮದುವೆಯಾದದ್ದು ತಿಳಿದು, ಹಿತ್ತಿಲಿಗೆ ಹೋದರೆ ಖಾಲಿಯಿದ್ದ ನಾಯಿಗೂಡಿನಿಂದ ಕಪ್ಪು ಕೂದಲಿನ ದೊಡ್ಡ ನಾಯಿ ಮೈಮೇಲೆ ಎರಗುವಲ್ಲಿ. ಮಲತಂದೆ ಬಂದ ಅನ್ನುವುದನ್ನು ಆ ನಾಯಿಯೇ ಹೇಳುತ್ತದೆ. 1849ರ ಓದುಗರು ಆ ನಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ತಿಂಗಳು ಕಾದರು. ಮೂರನೆಯದು ತಾಯಿಯ ಸಾವಿಗೆ ನಿಲ್ಲುತ್ತದೆ. ಹತ್ತನೆಯದು, ಸರಿಯಾಗಿ ನಡುವೆ, ಎಮಿಲಿ ಮನೆಬಿಟ್ಟು ಹೋಗುವಲ್ಲಿ.

ಹೊಸಓದು
ಹಾಗಾದರೆ 20 ವಾರ. ಈ ಭಾನುವಾರದಿಂದ ಶುರು.

ರೇಖೆಬಣ್ಣ
19 ವಾರ. ಕೊನೆಯದು ಜೋಡಿ ಕಂತು. ಫಿಜ್‌ನ ಚಿತ್ರಗಳಿರುವ ಪ್ರತಿಯನ್ನೇ ಹುಡುಕಿ, ಆಯಾ ವಾರದ ಎರಡು ಚಿತ್ರ ಮೊದಲು ನೋಡಿ, ಆಮೇಲೆ ಅಧ್ಯಾಯ ತೆರೆಯಿರಿ.